ಹುಟ್ಟುವಾಗ ಪೆಟ್ಟಾದ ಕೈ: ದೊಡ್ಡವರಾದ ಮೇಲೆ ಬದುಕು, ಕೆಲಸ, ಹಕ್ಕು

ವೈದ್ಯರಾಗಲು ಎರಡೂ ಕೈ ಸರಿಯಿರಲೇಬೇಕೆ? ಸುಪ್ರೀಂ ಕೋರ್ಟ್ ಎದುರು ಬಂದಿದ್ದ ಈ ಪ್ರಶ್ನೆಗೆ 2025ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಎಂಬಿಬಿಎಸ್ ಸೇರುವವರ ಎರಡೂ ಕೈಗಳು ಊನವಿಲ್ಲದೆ ಇರಬೇಕು, ಅವುಗಳಲ್ಲಿ ಸ್ಪರ್ಶಜ್ಞಾನ, ಬಲ, ಚಲನೆ ಎಲ್ಲವೂ ಸಾಕಷ್ಟಿರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾರ್ಗಸೂಚಿ ಹೇಳುತ್ತಿತ್ತು. ಅಂಗವೈಕಲ್ಯವಿದ್ದ ವಿದ್ಯಾರ್ಥಿಯೊಬ್ಬರು ಅದನ್ನು ಪ್ರಶ್ನಿಸಿದರು. ಈ ಷರತ್ತು ಅಂಗವಿಕಲರ ಹಕ್ಕುಗಳ ಕಾಯ್ದೆಯ ಆಶಯಕ್ಕೇ ವಿರುದ್ಧ ಎಂದ ನ್ಯಾಯಪೀಠ, ಆ ವಿದ್ಯಾರ್ಥಿಗೆ ಸೀಟು ಕೊಡುವಂತೆ ಹೇಳಿತು. ಕೈ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಆ ವ್ಯಕ್ತಿ ಏನು ಮಾಡಬಲ್ಲರು ಎನ್ನುವುದು ಮುಖ್ಯ ಎಂಬುದು ತೀರ್ಪಿನ ತಿರುಳು.

ಈ ತೀರ್ಪನ್ನು ತಮ್ಮದೇ ಸುದ್ದಿ ಎಂಬಂತೆ ಓದಬೇಕಾದ ಒಂದು ಗುಂಪು ನಮ್ಮ ನಡುವೆ ಇದೆ. ಅವರ ಒಂದು ಕೈ ತುಸು ಗಿಡ್ಡ. ಮೊಣಕೈ ಪೂರ್ತಿ ನೀಳವಾಗುವುದಿಲ್ಲ, ತೋಳು ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲ. ‘ಏನಾಯಿತು?’ ಎಂದು ಕೇಳಿದರೆ, ‘ಹೆರಿಗೆಯಲ್ಲಿ ಕೈ ಎಳೆದುಬಿಟ್ಟರಂತೆ’ ಎಂದು ಅಮ್ಮ ಹೇಳಿದ ಮಾತನ್ನೇ ಹೇಳುತ್ತಾರೆ. ವೈದ್ಯಕೀಯದಲ್ಲಿ ಇದಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಜನ್ಮಗಾಯ ಎನ್ನುತ್ತಾರೆ. ಇದರ ಹೆಚ್ಚು ಸಾಮಾನ್ಯವಾದ ರೂಪದ ಹೆಸರು ಎರ್ಬ್ಸ್ ಪಾಲ್ಸಿ.

ಈ ಬಗ್ಗೆ ಸಿಗುವ ಬರಹಗಳು ಬಹುಪಾಲು ಮಗುವಿನ ಕುರಿತೇ ಇರುತ್ತವೆ. ಮಗು ದೊಡ್ಡದಾಗಿ, ಓದಿ, ಕೆಲಸಕ್ಕೆ ಸೇರಿ, ನಲವತ್ತು ದಾಟಿದ ಮೇಲೆ ಆ ಕೈಯ ಗತಿ ಏನು ಎಂದು ಹೇಳುವವರು ಕಡಿಮೆ. ಈ ಲೇಖನ ಆ ದೊಡ್ಡವರಿಗಾಗಿ, ಅವರ ಜೊತೆ ಬಾಳುವವರಿಗಾಗಿ, ಅವರಿಗೆ ಕೆಲಸ ಕೊಡುವವರಿಗಾಗಿ.

ಕುತ್ತಿಗೆಯಿಂದ ಕೈಗೆ ಇಳಿಯುವ ಐದು ನರಗಳು

ಕೈಗೆ ಬೇಕಾದ ಆಜ್ಞೆಗಳೆಲ್ಲ ಮೆದುಳಿನಿಂದ ಹೊರಟು, ಬೆನ್ನುಹುರಿಯಲ್ಲಿ ಇಳಿದು, ಕುತ್ತಿಗೆಯ ಪಕ್ಕದಲ್ಲಿ ಐದು ನರಬೇರುಗಳ ಮೂಲಕ ಹೊರಬರುತ್ತವೆ. ಸಿ5, ಸಿ6, ಸಿ7, ಸಿ8, ಟಿ1 ಎಂದು ಅವುಗಳ ಹೆಸರು. ಇವು ಕೊರಳೆಲುಬಿನ ಹಿಂದೆ ಒಂದಕ್ಕೊಂದು ಕೂಡಿ, ಕವಲೊಡೆದು, ಮತ್ತೆ ಕೂಡಿ ಒಂದು ಜಾಲವಾಗುತ್ತವೆ. ಆ ಜಾಲವೇ ಬ್ರೇಕಿಯಲ್ ಪ್ಲೆಕ್ಸಸ್.

ಕೆಆರ್‌ಎಸ್‌ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಗದ್ದೆಗಳಿಗೆ ನೀರು ಹಂಚುವ ಬಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ದೊಡ್ಡ ನಾಲೆ, ಅದರಿಂದ ಕವಲು ನಾಲೆ, ಅದರಿಂದ ತೂಬು, ತೂಬಿನಿಂದ ಗದ್ದೆಗೆ ಸಣ್ಣ ಕಾಲುವೆ. ಕೈಯ ಒಂದೊಂದು ಸ್ನಾಯುವೂ ಒಂದೊಂದು ಗದ್ದೆ. ಮೇಲಿನ ಎರಡು ಬೇರುಗಳಾದ ಸಿ5, ಸಿ6 ಭುಜ ಮತ್ತು ಮೊಣಕೈಯ ಗದ್ದೆಗಳಿಗೆ ನೀರುಣಿಸುತ್ತವೆ. ಕೆಳಗಿನ ಸಿ8, ಟಿ1 ಅಂಗೈ ಮತ್ತು ಬೆರಳುಗಳಿಗೆ. ನಾಲೆ ಎಲ್ಲಿ ಒಡೆಯಿತು ಎನ್ನುವುದರ ಮೇಲೆ ಯಾವ ಗದ್ದೆ ಒಣಗುತ್ತದೆ ಎನ್ನುವುದು ನಿಂತಿದೆ. ಮೇಲಿನ ಬೇರುಗಳಿಗೆ ಪೆಟ್ಟಾದರೆ ಅದು ಎರ್ಬ್ಸ್ ಪಾಲ್ಸಿ. ಕೆಳಗಿನವುಗಳಿಗೆ ಮಾತ್ರ ಆದರೆ ಕ್ಲುಂಪ್ಕೆ ಪಾಲ್ಸಿ, ಅದು ಅಪರೂಪ. ಐದಕ್ಕೂ ಆದರೆ ಇಡೀ ಕೈ ಸೋಲುತ್ತದೆ.

ಹೆರಿಗೆಯಲ್ಲಿ ಇದು ಆಗುವುದು ಹೀಗೆ. ಮಗುವಿನ ತಲೆ ಹೊರಬಂದಿದೆ, ಭುಜ ಮಾತ್ರ ತಾಯಿಯ ಸೊಂಟದ ಮುಂಭಾಗದ ಎಲುಬಿಗೆ ಸಿಕ್ಕಿಕೊಂಡಿದೆ. ಆಗ ತಲೆಗೂ ಭುಜಕ್ಕೂ ನಡುವೆ ಕುತ್ತಿಗೆ ಹಿಗ್ಗಿ, ನರಗಳು ಎಳೆತಕ್ಕೆ ಒಳಗಾಗುತ್ತವೆ. ಮಗುವಿನ ತೂಕ ಹೆಚ್ಚಿದ್ದರೆ, ತಾಯಿಗೆ ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ, ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಬಳಸಬೇಕಾಗಿ ಬಂದರೆ ಅಪಾಯ ಹೆಚ್ಚು. ಕಾಲು ಮುಂದಾಗಿ ಹುಟ್ಟುವ ಮಕ್ಕಳಲ್ಲೂ ಆಗಬಹುದು. ಇವು ಯಾವುವೂ ಇಲ್ಲದ, ಸಾಧಾರಣ ತೂಕದ ಮಗುವಿನಲ್ಲೂ ಆಗಿದ್ದುಂಟು, ಅಪರೂಪಕ್ಕೆ ಸಿಸೇರಿಯನ್‌ನಲ್ಲೂ. ಆದ್ದರಿಂದ ಕೈಯನ್ನು ಮಾತ್ರ ನೋಡಿ ‘ಇದು ಡಾಕ್ಟರ ತಪ್ಪು’, ‘ಸೂಲಗಿತ್ತಿಯ ತಪ್ಪು’ ಎಂದು ತೀರ್ಮಾನಿಸಲಾಗದು. ತಾಯಿಯ ತಪ್ಪಂತೂ ಎಂದೂ ಅಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮಗನಿಗೆ ನಲವತ್ತಾದರೂ ‘ನಾನು ಆವತ್ತು ಇನ್ನೂ ಜೋರಾಗಿ ಮುಕ್ಕಬೇಕಿತ್ತು’ ಎಂದು ಕೊರಗುವ ತಾಯಂದಿರಿದ್ದಾರೆ.

ಪೆಟ್ಟಿನಲ್ಲೂ ಹಂತಗಳಿವೆ. ನರ ಬರೀ ಹಿಗ್ಗಿದ್ದರೆ ವಾರಗಳಲ್ಲೋ ತಿಂಗಳುಗಳಲ್ಲೋ ತಾನೇ ಸರಿಹೋಗುತ್ತದೆ. ಹರಿದಿದ್ದರೆ ಬೆಳೆಯಲು ನೋಡುತ್ತದೆ, ಆದರೆ ನಡುವೆ ಗಾಯದ ಗಂಟು ಕಟ್ಟಿ ದಾರಿ ಮುಚ್ಚಬಹುದು. ಬೆನ್ನುಹುರಿಯಿಂದಲೇ ಬೇರು ಕಿತ್ತು ಬಂದಿದ್ದರೆ ತಾನಾಗಿ ಕೂಡಿಕೊಳ್ಳುವ ಮಾತೇ ಇಲ್ಲ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಸಾವಿರ ಹೆರಿಗೆಗಳಲ್ಲಿ ಒಂದರ ಆಸುಪಾಸು ಇಂಥ ಗಾಯ ಆಗುತ್ತದೆ. ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಸುಮಾರು ಶೇ 20ರಿಂದ 30ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ಕೊರತೆ ಬದುಕಿಡೀ ಉಳಿಯುತ್ತದೆ. ನಾವು ಮಾತಾಡುತ್ತಿರುವುದು ಅವರ ಬಗ್ಗೆ.

ಪೋಲಿಯೊ ಅಲ್ಲ, ಲಕ್ವವೂ ಅಲ್ಲ

‘ಪೋಲಿಯೊ ಹನಿ ಹಾಕಿಸಲಿಲ್ಲವಾ?’ ಎಂಬುದು ಇವರು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಪದೇ ಪದೇ ಕೇಳಿಸಿಕೊಳ್ಳುವ ಪ್ರಶ್ನೆ. ಪೋಲಿಯೊ ವೈರಸ್ಸಿನಿಂದ ಬರುವಂಥದ್ದು, ಅದು ಬೆನ್ನುಹುರಿಯೊಳಗಿನ ಚಲನೆಯ ಕೋಶಗಳನ್ನು ಕೊಲ್ಲುತ್ತದೆ, ಸ್ಪರ್ಶಜ್ಞಾನವನ್ನು ಮುಟ್ಟುವುದಿಲ್ಲ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿಗೆ. ಇಲ್ಲಿ ಮೆದುಳೂ ಬೆನ್ನುಹುರಿಯೂ ಚೆನ್ನಾಗಿವೆ, ಹೊರಗೆ ಬಂದ ನರಕ್ಕಷ್ಟೇ ಏಟು. ಸ್ಪರ್ಶಜ್ಞಾನವೂ ಕೆಲವು ಕಡೆ ಮಂಕಾಗಿರಬಹುದು. ಇದು ಹರಡುವುದಿಲ್ಲ, ಅನುವಂಶೀಯವಲ್ಲ, ಮಕ್ಕಳಿಗೆ ಬರುವುದಿಲ್ಲ.

ಹೆಸರು ಗೊತ್ತಿಲ್ಲದೆ ಬೆಳೆದವರಿಗೆ ಮೊದಲ ಕೆಲಸವೆಂದರೆ ಸರಿಯಾದ ಹೆಸರನ್ನು ವೈದ್ಯಕೀಯ ಕಡತದಲ್ಲಿ ಬರೆಸಿಕೊಳ್ಳುವುದು. ಮೂಳೆ ತಜ್ಞರು ಅಥವಾ ನರರೋಗ ತಜ್ಞರು ಕೈ ಪರೀಕ್ಷಿಸಿ, ಬೇಕಾದರೆ ನರವಾಹಕ ಪರೀಕ್ಷೆ ಮತ್ತು ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆ ಮಾಡಿಸಿ ಖಚಿತಪಡಿಸುತ್ತಾರೆ. ಮುಂದೆ ಪ್ರಮಾಣಪತ್ರಕ್ಕೂ ಚಿಕಿತ್ಸೆಗೂ ಆಧಾರ ಇದೇ.

ಪೆಟ್ಟು ಒಂದೇ ಸಲ, ಬದಲಾವಣೆ ಬದುಕಿಡೀ

ಗಾಯವಾದದ್ದು ಹುಟ್ಟಿದ ದಿನ. ಕೈ ಬೆಳೆದದ್ದು ಆ ಮೇಲೆ. ವಯಸ್ಕರ ಕೈಯಲ್ಲಿ ಕಾಣುವ ಹೆಚ್ಚಿನ ತೊಂದರೆಗಳು ಈ ಬೆಳವಣಿಗೆಯಲ್ಲಿ ಹುಟ್ಟಿದವು.

ಎಲುಬು ತನ್ನ ಆಕಾರವನ್ನು ಸ್ನಾಯುಗಳ ಎಳೆತದಿಂದ ಪಡೆಯುತ್ತದೆ. ಎರ್ಬ್ಸ್ ಪಾಲ್ಸಿಯಲ್ಲಿ ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳು ಸೋತಿರುತ್ತವೆ, ಒಳಕ್ಕೆ ತಿರುಗಿಸುವವು ಗಟ್ಟಿಯಾಗಿರುತ್ತವೆ. ವರ್ಷಗಟ್ಟಲೆ ಗೆಲ್ಲುವುದು ಒಳಗಿನ ಎಳೆತವೇ. ಹಾಗಾಗಿ ಭುಜದ ಗುಂಡು ತನ್ನ ಗುಳಿಯಲ್ಲಿ ನೆಟ್ಟಗೆ ಕೂರದೆ ಹಿಂದಕ್ಕೆ ಸರಿಯುತ್ತದೆ, ಗುಳಿ ಚಪ್ಪಟೆಯಾಗುತ್ತದೆ. ಹೆಗಲ ಹಲಗೆ ರೆಕ್ಕೆಯ ಹಾಗೆ ಎದ್ದು ಕಾಣುತ್ತದೆ. ಮೊಣಕೈ ಸ್ವಲ್ಪ ಬಾಗಿಯೇ ಉಳಿಯುತ್ತದೆ. ಎಲುಬಿನ ಬೆಳವಣಿಗೆ ಕುಂಠಿತವಾಗಿ ಕೈ ಗಿಡ್ಡವಾಗುತ್ತದೆ, ಅಂಗಿಯ ಒಂದು ತೋಳು ಯಾವಾಗಲೂ ಉದ್ದವಾಗಿ ಜೋಲುತ್ತದೆ.

ಇದರ ಜೊತೆಗೆ ಹೊರಗಿನವರಿಗೆ ಕಾಣದ ಇನ್ನೊಂದು ಸಂಗತಿ ಇದೆ. ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಬೆಳೆಯುವಾಗ ಎಲ್ಲ ಎಳೆಗಳೂ ತಮ್ಮ ಹಳೆಯ ದಾರಿ ಹಿಡಿಯುವುದಿಲ್ಲ. ಒಡೆದ ನಾಲೆಯನ್ನು ಕಟ್ಟಿದ ಮೇಲೆ ನಿಮ್ಮ ಗದ್ದೆಯ ನೀರು ಪಕ್ಕದವರ ಗದ್ದೆಗೂ ನುಗ್ಗಿದ ಹಾಗೆ, ಮೊಣಕೈ ಮಡಿಸುವ ಸ್ನಾಯುವಿಗೆ ಹೋಗಬೇಕಾದ ಎಳೆ ಮೊಣಕೈ ನೀಳಗೊಳಿಸುವ ಸ್ನಾಯುವಿಗೂ ಹೋಗಿ ಸೇರುತ್ತದೆ. ಈಗ ಕೈ ಮಡಿಸಲು ಹೊರಟರೆ ಎರಡೂ ಒಟ್ಟಿಗೆ ಬಿಗಿಯುತ್ತವೆ. ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಮುಟ್ಟಿ ನೋಡಿದರೆ ಸ್ನಾಯು ಗಟ್ಟಿಯಾಗಿದೆ, ಬಲವೂ ಇದೆ, ಕೈ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ‘ಪ್ರಯತ್ನ ಸಾಲದು, ಇನ್ನೂ ಜೋರಾಗಿ ಎತ್ತು’ ಎಂದು ಬೈಸಿಕೊಂಡು ಬೆಳೆದವರು ಇದನ್ನು ತಿಳಿದುಕೊಳ್ಳಬೇಕು. ಜೋರು ಹಾಕಿದಷ್ಟೂ ತಡೆಯುವ ಸ್ನಾಯುವೂ ಜೋರಾಗುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಂದು ತುತ್ತು ಬಾಯಿಗೆ ಹೋಗುವ ದಾರಿ

ಬಲಗೈಗೆ ಎರ್ಬ್ಸ್ ಪಾಲ್ಸಿ ಇರುವವರು ಅನ್ನ ಸಾರು ಉಣ್ಣುವುದನ್ನು ಗಮನಿಸಿ. ಬೆರಳುಗಳಿಗೆ ತೊಂದರೆ ಇಲ್ಲ, ಕಲಸುವುದು ಸಲೀಸು. ತುತ್ತು ಎತ್ತುವಾಗ ಮೊಣಕೈ ಮಡಚಬೇಕು, ಅಂಗೈ ಮೇಲ್ಮುಖವಾಗಬೇಕು, ತೋಳು ತುಸು ಹೊರಕ್ಕೆ ತಿರುಗಬೇಕು. ಈ ಮೂರೂ ಚಲನೆಗಳು ಸಿ5, ಸಿ6ಕ್ಕೆ ಸೇರಿದವು. ತೋಳು ಹೊರಕ್ಕೆ ತಿರುಗದಿದ್ದಾಗ ದೇಹ ಬೇರೆ ದಾರಿ ಹುಡುಕುತ್ತದೆ: ಮೊಣಕೈ ಪಕ್ಕಕ್ಕೆ, ಭುಜದೆತ್ತರಕ್ಕೆ ಏಳುತ್ತದೆ, ತಲೆ ಕೈಯ ಕಡೆಗೆ ಬಾಗುತ್ತದೆ. ವೈದ್ಯರು ಈ ಭಂಗಿಗೆ ಕಹಳೆ ಊದುವವರ ಹೆಸರನ್ನೇ ಇಟ್ಟಿದ್ದಾರೆ. ಪಂಕ್ತಿಯಲ್ಲಿ ಪಕ್ಕದವರಿಗೆ ಮೊಣಕೈ ತಾಗುತ್ತದೆ. ಸಾರು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತದೆ. ಅದಕ್ಕೇ ಹಲವರು ಪಂಕ್ತಿಯ ತುದಿಯ ಎಲೆ ಹುಡುಕಿ ಕೂರುತ್ತಾರೆ.

ಅಂಗೈ ಮೇಲ್ಮುಖ ಮಾಡುವುದು ನಮ್ಮಲ್ಲಿ ಎಷ್ಟು ಕಡೆ ಬೇಕು ಎಂದು ಯೋಚಿಸಿ. ತೀರ್ಥ ತೆಗೆದುಕೊಳ್ಳಲು, ಪ್ರಸಾದಕ್ಕೆ ಕೈ ಒಡ್ಡಲು, ಕಂಡಕ್ಟರ್ ಕೊಡುವ ಚಿಲ್ಲರೆ ಹಿಡಿಯಲು, ಬೊಗಸೆಯಲ್ಲಿ ನೀರು ತುಂಬಿ ಮುಖ ತೊಳೆಯಲು. ಈ ಗಾಯ ಬಲಗೈಗೆ ಆಗುವುದೇ ಹೆಚ್ಚು, ಏಕೆಂದರೆ ಹೆಚ್ಚಿನ ಮಕ್ಕಳು ಗರ್ಭದಲ್ಲಿ ತಿರುಗಿರುವ ರೀತಿಯಲ್ಲಿ ಸಿಕ್ಕಿಕೊಳ್ಳುವುದು ಬಲ ಭುಜ. ಹೀಗಾಗಿ ಇವರಲ್ಲಿ ಹಲವರು ಎಡಗೈಯನ್ನೇ ಮುಖ್ಯ ಕೈ ಮಾಡಿಕೊಂಡವರು. ಎಡಗೈಯಲ್ಲಿ ಉಂಡರೆ, ಎಡಗೈಯಲ್ಲಿ ದುಡ್ಡು ಕೊಟ್ಟರೆ ಹುಬ್ಬು ಗಂಟಿಕ್ಕುವ ಸಮಾಜದಲ್ಲಿ ಅವರು ಒಂದೊಂದು ಬಾರಿಯೂ ವಿವರಣೆ ಕೊಡಬೇಕಾಗುತ್ತದೆ. ಯಾರಾದರೂ ಎಡಗೈ ಚಾಚಿದರೆ ಸುಮ್ಮನೆ ತೆಗೆದುಕೊಳ್ಳಿ. ಇದಕ್ಕಿಂತ ಸುಲಭವಾದ ಸಹಾಯ ಇನ್ನೊಂದಿಲ್ಲ.

ಮರೆಮಾಚುವುದು ಇವರಲ್ಲಿ ಅನೇಕರಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಕೈ ಜೇಬಿನಲ್ಲಿರುತ್ತದೆ, ಇಲ್ಲವೇ ಸೆರಗಿನಡಿ, ದುಪಟ್ಟಾದಡಿ. ಗ್ರೂಪ್ ಫೋಟೊದಲ್ಲಿ ಆ ಬದಿ ಹಿಂದೆ ಸರಿದಿರುತ್ತದೆ. ಜರ್ಮನಿಯ ಚಕ್ರವರ್ತಿಯಾಗಿದ್ದ ಎರಡನೇ ವಿಲ್ಹೆಲ್ಮ್ 1859ರಲ್ಲಿ ಕಷ್ಟದ ಹೆರಿಗೆಯಲ್ಲಿ ಹುಟ್ಟಿದವರು. ಅವರ ಎಡಗೈ ಸೋತಿತ್ತು, ಗಿಡ್ಡವೂ ಆಗಿತ್ತು. ಅವರ ಫೋಟೊಗಳನ್ನು ನೋಡಿದರೆ ಆ ಕೈಯಲ್ಲಿ ಕೈಗವಸು ಹಿಡಿದಿರುತ್ತಾರೆ, ಇಲ್ಲವೇ ಅದು ಕತ್ತಿಯ ಹಿಡಿಯ ಮೇಲಿರುತ್ತದೆ. ಬಾಲ್ಯದಲ್ಲಿ ಆ ಕೈ ಸರಿಮಾಡಲೆಂದು ಅವರಿಗೆ ವಿದ್ಯುತ್ ಚಿಕಿತ್ಸೆಯೂ ಸೇರಿ ನೋವಿನ ಉಪಚಾರಗಳನ್ನು ಮಾಡಿದ್ದರು. ಇನ್ನೊಂದು ಉದಾಹರಣೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಏಡ್ರಿಯನ್ ಕ್ಲೇಬೋರ್ನ್. ಬಲಗೈಯಲ್ಲಿ ಎರ್ಬ್ಸ್ ಪಾಲ್ಸಿ ಇಟ್ಟುಕೊಂಡೇ ಅವರು 2011ರಲ್ಲಿ ಆ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರಿ ವರ್ಷಗಟ್ಟಲೆ ಆಡಿದರು. ಎಲ್ಲರೂ ಅವರಂತಾಗಬೇಕು ಎಂದು ಹೇಳಲು ಈ ಹೆಸರು ತೆಗೆಯುತ್ತಿಲ್ಲ. ಒಂದೇ ಹೆಸರಿನ ಗಾಯದಲ್ಲಿ ತೀವ್ರತೆಯ ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಲು ಹೇಳಿದೆ, ಅಷ್ಟೆ.

ಒಳ್ಳೆಯ ಕೈಯ ಮೇಲೆ ಬೀಳುವ ಹೊರೆ

ಮೂವತ್ತು ದಾಟಿದವರು ವೈದ್ಯರ ಬಳಿ ಹೋಗುವಾಗ ಹೇಳುವ ದೂರು ಬಹಳ ಸಲ ಪೆಟ್ಟಾದ ಕೈಯದ್ದಲ್ಲ, ಒಳ್ಳೆಯ ಕೈಯದ್ದು. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮಗು, ಲ್ಯಾಪ್‌ಟಾಪ್ ಚೀಲ, ಬಸ್ಸಿನ ಕಂಬಿ, ಎಲ್ಲಕ್ಕೂ ಒಂದೇ ಕೈ. ಎರಡು ಕೈ ಹಂಚಿಕೊಳ್ಳಬೇಕಾದ ದುಡಿಮೆಯನ್ನು ಒಂದು ಕೈ ದಶಕಗಳ ಕಾಲ ಮಾಡಿದಾಗ ಅದರ ಭುಜದ ಸ್ನಾಯುರಜ್ಜು ಸವೆಯುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿ, ರಾತ್ರಿ ಬೆರಳು ಜುಮುಜುಮು ಎನ್ನುತ್ತವೆ. ಕತ್ತು, ಬೆನ್ನು ಒಂದು ಬದಿಗೆ ಎಳೆದು ನೋಯುತ್ತವೆ. ಕೆಲವರಲ್ಲಿ ಬೆನ್ನೆಲುಬು ಕೊಂಚ ವಾಲಿರುವುದೂ ಉಂಟು. ಪೆಟ್ಟಾದ ಭುಜದಲ್ಲಿ ಗುಂಡು ಗುಳಿಗೆ ಹೊಂದದ ಕಾರಣ ಸಂಧಿವಾತ ಬೇಗ ಕಾಣಿಸಿಕೊಳ್ಳಬಹುದು.

ದಣಿವನ್ನು ಬೇರೆಯಾಗಿಯೇ ಹೇಳಬೇಕು. ಅಂಗಿಯ ಗುಂಡಿ ಹಾಕುವುದು, ಜಡೆ ಹೆಣೆಯುವುದು, ಸೀರೆಯ ನೆರಿಗೆ ಹಿಡಿಯುವುದು, ತೆಂಗಿನಕಾಯಿ ತುರಿಯುವುದು, ಇವನ್ನೆಲ್ಲ ಇವರು ಮಾಡುತ್ತಾರೆ. ಒಂದೊಂದಕ್ಕೂ ಹೆಚ್ಚು ಸ್ನಾಯು, ಹೆಚ್ಚು ಗಮನ, ಹೆಚ್ಚು ಹೊತ್ತು ಬೇಕು. ಸಂಜೆಯ ಹೊತ್ತಿಗೆ ಮೈ ಸೋತುಹೋದರೆ ಅದು ಬೆಳಗಿನಿಂದ ಕೂಡಿಬಂದ ಲೆಕ್ಕ.

ಇದಕ್ಕೆ ಇರುವ ಉಪಾಯ ದೊಡ್ಡದೇನಲ್ಲ, ಆದರೆ ಬೇಗ ಶುರುಮಾಡಬೇಕು. ಭಾರವನ್ನು ಹೆಗಲಿಗೆ, ಬೆನ್ನಿಗೆ, ಚಕ್ರಕ್ಕೆ ವರ್ಗಾಯಿಸುವುದು. ತೂಕದ ಕೆಲಸಗಳನ್ನು ಒಂದೇ ಹೊತ್ತಿಗೆ ಪೇರಿಸಿಕೊಳ್ಳದಿರುವುದು. ಪೆಟ್ಟಾದ ಕೈಯನ್ನು ಕಾಗದ ಒತ್ತಿಹಿಡಿಯಲು, ಪಾತ್ರೆ ತಡೆಹಿಡಿಯಲು, ಚೀಲ ನೇತುಹಾಕಲು ಸಹಾಯಕ ಕೈಯಾಗಿ ದಿನವೂ ಬಳಸುವುದು. ಬಳಸದ ಕೈ ಇನ್ನಷ್ಟು ಬಿಗಿಯುತ್ತದೆ. ಅಡುಗೆ ಮಾಡುವವರು, ಇಸ್ತ್ರಿ ಹಾಕುವವರು ಸ್ಪರ್ಶಜ್ಞಾನ ಕಡಿಮೆ ಇರುವ ಭಾಗವನ್ನು ಗುರುತಿಟ್ಟುಕೊಳ್ಳಬೇಕು. ಸುಟ್ಟದ್ದು ಅಲ್ಲಿ ತಡವಾಗಿ ತಿಳಿಯುತ್ತದೆ.

ದೊಡ್ಡವರಿಗೆ ಚಿಕಿತ್ಸೆ ಇದೆಯೆ?

ನರವನ್ನೇ ಸರಿಪಡಿಸುವ ಶಸ್ತ್ರಚಿಕಿತ್ಸೆಯ ಕಾಲ ಶೈಶವದಲ್ಲೇ ಮುಗಿದಿರುತ್ತದೆ. ಸಾಮಾನ್ಯವಾಗಿ ಅದನ್ನು ಮೊದಲ ವರ್ಷದೊಳಗೆ ಮಾಡುತ್ತಾರೆ. ನರದ ಆಜ್ಞೆಯಿಲ್ಲದೆ ಒಂದೂವರೆ ವರ್ಷದ ಆಚೀಚೆ ಕಳೆದ ಸ್ನಾಯು ಮತ್ತೆ ಆಜ್ಞೆ ಸ್ವೀಕರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಮೂವತ್ತರಲ್ಲಿ ‘ನರ ಜೋಡಿಸಿ ಕೈ ಮೊದಲಿನಂತೆ ಮಾಡುತ್ತೇವೆ’ ಎಂದು ಯಾರಾದರೂ ಭರವಸೆ ಕೊಟ್ಟರೆ, ದುಡ್ಡು ಕಟ್ಟುವ ಮೊದಲು ಇನ್ನೊಬ್ಬ ತಜ್ಞರನ್ನು ಕೇಳಿ.

ಮಾಡಬಹುದಾದದ್ದು ಬೇರೆ ಇದೆ. ಒಳಕ್ಕೆ ತಿರುಗಿ ನಿಂತ ತೋಳಿನ ಎಲುಬನ್ನು ಕತ್ತರಿಸಿ, ಹೊರಕ್ಕೆ ತಿರುಗಿಸಿ ಕೂಡಿಸುವ ಶಸ್ತ್ರಚಿಕಿತ್ಸೆ ದೊಡ್ಡವರಿಗೂ ಆಗುತ್ತದೆ. ಅದರಿಂದ ಹೊಸ ಬಲ ಬರುವುದಿಲ್ಲ, ಇರುವ ಚಲನೆ ಉಪಯುಕ್ತವಾದ ದಿಕ್ಕಿಗೆ ಹೊರಳುತ್ತದೆ. ಕೈ ಬಾಯಿಗೆ, ತಲೆಗೆ ಮುಟ್ಟುವುದು ಸುಲಭವಾಗುತ್ತದೆ, ಬದಲಿಗೆ ಹೊಟ್ಟೆ, ಬೆನ್ನಿನ ಕಡೆ ಹೋಗುವುದು ಕಡಿಮೆಯಾಗಬಹುದು. ಆದ್ದರಿಂದ ನಿತ್ಯ ಯಾವ ಕೆಲಸ ಬೇಕು ಎನ್ನುವುದನ್ನು ಪಟ್ಟಿಮಾಡಿಕೊಂಡೇ ನಿರ್ಧರಿಸಬೇಕು. ಗಟ್ಟಿ ಸ್ನಾಯುವೊಂದರ ರಜ್ಜುವನ್ನು ಬೇರೆ ಕಡೆಗೆ ಜೋಡಿಸುವುದು, ತೀರಾ ನೋಯುವ ಸಂಧಿಯನ್ನು ಬದಲಿಸುವುದು ಅಥವಾ ಬೆಸೆಯುವುದು ಇನ್ನುಳಿದ ಆಯ್ಕೆಗಳು. ಹೆಚ್ಚಿನವರಿಗೆ ಬೇಕಾಗುವುದು ಶಸ್ತ್ರಚಿಕಿತ್ಸೆಯಲ್ಲ. ಭುಜದ ಬಿಗಿತ ಹೆಚ್ಚದಂತೆ ನೋಡಿಕೊಳ್ಳುವ ಫಿಸಿಯೊಥೆರಪಿ, ನರದ ನೋವಿಗೆ ಸೂಕ್ತ ಔಷಧ, ಮತ್ತು ಮನೆ-ಕಚೇರಿಯ ಕೆಲಸಗಳನ್ನು ಹೊಂದಿಸಿಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದರೆ ಬಹುಪಾಲು ಸಾಕು.

ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಈ ಗಾಯ ತಾನಾಗಿ ಮುಂದುವರಿಯುವಂಥದ್ದಲ್ಲ. ದೊಡ್ಡವರಾದ ಮೇಲೆ ಹೊಸದಾಗಿ ಮರಗಟ್ಟುವಿಕೆ ಶುರುವಾದರೆ, ಹಿಡಿತ ದಿಢೀರನೆ ಕಡಿಮೆಯಾದರೆ, ನಡಿಗೆಯಲ್ಲಿ ವ್ಯತ್ಯಾಸ ಕಂಡರೆ ‘ಹಳೆಯದೇ ಇರಬೇಕು’ ಎಂದು ಸುಮ್ಮನಿರಬೇಡಿ. ಕುತ್ತಿಗೆಯ ಡಿಸ್ಕ್ ಒತ್ತುತ್ತಿರಬಹುದು, ಬೇರೆ ಕಾರಣವೂ ಇರಬಹುದು.

ಎರಡನೆಯದು ಅರಿವಳಿಕೆಗೆ ಸಂಬಂಧಿಸಿದ್ದು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಹೋಗುವ ನರ ಕುತ್ತಿಗೆಯ ಸಿ3, ಸಿ4, ಸಿ5ರಿಂದಲೇ ಹೊರಡುತ್ತದೆ. ಹುಟ್ಟುವಾಗಿನ ಪೆಟ್ಟು ಕೆಲವರಲ್ಲಿ ಅದನ್ನೂ ಸೋಕಿರುತ್ತದೆ, ಆ ಬದಿಯ ವಪೆ ದುರ್ಬಲವಾಗಿರುತ್ತದೆ. ಒಳ್ಳೆಯ ಭುಜದ ಶಸ್ತ್ರಚಿಕಿತ್ಸೆಗೆಂದು ಕುತ್ತಿಗೆಯ ಬದಿಯಲ್ಲಿ ಕೊಡುವ ಒಂದು ಬಗೆಯ ಅರಿವಳಿಕೆ ಚುಚ್ಚುಮದ್ದು ಆ ಬದಿಯ ವಪೆಯನ್ನೂ ಕೆಲವು ಗಂಟೆ ನಿಲ್ಲಿಸಬಲ್ಲದು. ಎರಡೂ ಬದಿ ಸೋತರೆ ಉಸಿರಿಗೆ ತೊಂದರೆ. ಹಾಗಾಗಿ ಯಾವುದೇ ಆಪರೇಷನ್‌ಗೆ ಮೊದಲು ಅರಿವಳಿಕೆ ತಜ್ಞರಿಗೆ ಈ ಹಳೆಯ ಗಾಯದ ವಿಷಯ ಹೇಳಲೇಬೇಕು. ಮಲಗಿಸುವಾಗ ಕೈಯನ್ನು ಅದು ಹೋಗದ ಕಡೆಗೆ ಎಳೆದು ಕಟ್ಟದಿರಲೂ ಇದು ನೆರವಾಗುತ್ತದೆ.

ಕೆಲಸದ ಜಾಗದಲ್ಲಿ

‘ಒಂದು ಕೈಯಲ್ಲಿ ಏನು ಮಾಡಬಲ್ಲೆ?’ ಎಂಬ ಪ್ರಶ್ನೆಯೇ ಸರಿಯಿಲ್ಲ. ಎರ್ಬ್ಸ್ ಪಾಲ್ಸಿ ಇರುವ ಬಹುಪಾಲು ಜನರ ಬೆರಳುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ತೊಡಕಾಗುವುದು ಕೈಯನ್ನು ಮೇಲಕ್ಕೆ, ಹಿಂದಕ್ಕೆ, ಹೊರಕ್ಕೆ ಒಯ್ಯುವಲ್ಲಿ. ಇದನ್ನು ತಿಳಿದರೆ ಹೊಂದಾಣಿಕೆ ತುಂಬಾ ಸರಳ. ಶಿಕ್ಷಕಿಗೆ ಕಪ್ಪುಹಲಗೆಯ ಮೇಲಿನ ಅರ್ಧ ಎಟುಕದಿದ್ದರೆ ಹಲಗೆಯನ್ನು ಒಂದಡಿ ಕೆಳಗೆ ಜಡಿಯಬಹುದು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ತಳ್ಳುವುದು ಕಷ್ಟವಾಗದೆ, ತಲೆಯ ಮೇಲಿನ ಕೊಕ್ಕೆಗೆ ಬಟ್ಟೆ ನೇತುಹಾಕುವುದು ಕಷ್ಟವಾಗಬಹುದು. ಕೊಕ್ಕೆ ತಗ್ಗಿಸಿದರೆ ಮುಗಿಯಿತು. ಅಂಗಡಿಯಲ್ಲಿ ಹೆಚ್ಚು ಖರ್ಚಾಗುವ ಸಾಮಾನು ಸೊಂಟದ ಮಟ್ಟದ ಅಟ್ಟಣೆಯಲ್ಲಿರಲಿ.

ಕಂಪ್ಯೂಟರ್ ಕೆಲಸದಲ್ಲಿ ಅಂಗೈ ಕೆಳಮುಖವಾಗಿರುವುದರಿಂದ ಕೀಬೋರ್ಡ್ ಅಷ್ಟೇನೂ ಕಾಡುವುದಿಲ್ಲ. ಮೌಸ್ ಯಾವ ಕೈಗೆ ಹತ್ತಿರವೋ ಅಲ್ಲಿರಲಿ, ಕೀಬೋರ್ಡ್ ಸಣ್ಣದಿದ್ದರೆ ತೋಳು ಹೊರಕ್ಕೆ ಚಾಚಬೇಕಾಗಿಲ್ಲ. ಎರಡು ಕೀ ಒಟ್ಟಿಗೆ ಒತ್ತುವುದು ಕಷ್ಟವಾದರೆ ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಐದು ಸಲ ಒತ್ತಿ ಸ್ಟಿಕಿ ಕೀಸ್ ಸೌಲಭ್ಯ ತೆರೆಯಬಹುದು, ಆಗ ಕೀಗಳನ್ನು ಒಂದಾದ ಮೇಲೊಂದು ಒತ್ತಿದರೆ ಸಾಕು. ಉದ್ದದ ಬರಹಕ್ಕೆ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಈಗ ಮೊಬೈಲಿನಲ್ಲಿದೆ.

ಕೆಲಸಕ್ಕೆ ಸೇರುವಾಗ ಹೇಳಬೇಕೆ, ಬೇಡವೆ? ಇದಕ್ಕೆ ಒಂದೇ ಉತ್ತರವಿಲ್ಲ. ಹೊಂದಾಣಿಕೆ ಬೇಕಿದ್ದರೆ ಹೇಳದೆ ಸಿಗುವುದಿಲ್ಲ. ಹೇಳುವಾಗ ಕಾಯಿಲೆಯ ಚರಿತ್ರೆಗಿಂತ ‘ಈ ಕಪಾಟು ಎಟುಕುವುದಿಲ್ಲ, ಈ ಭಾರ ಬೇಡ, ಉಳಿದದ್ದು ಮಾಡುತ್ತೇನೆ’ ಎಂಬ ಮಾತು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನಿಸಿಕೆ.

ಶೇ 40ರ ಗೆರೆ, ಅದರ ಆಚೆ ಈಚೆ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದರ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಈ ಕೈಗಾಯ ಅದರಲ್ಲಿ ಚಲನಾ ವೈಕಲ್ಯದ ಕೆಳಗೆ ಬರುತ್ತದೆ. ಪ್ರಮಾಣಪತ್ರದಲ್ಲಿ ಶೇ 40 ಅಥವಾ ಹೆಚ್ಚು ಎಂದು ದಾಖಲಾದರೆ ಮೀಸಲಾತಿಯಂಥ ಸೌಲಭ್ಯಗಳಿಗೆ ಅರ್ಹತೆ. ಸರ್ಕಾರಿ ನೌಕರಿಯಲ್ಲಿ ಕಾಯ್ದೆ ಕನಿಷ್ಠ ಶೇ 4 ಮೀಸಲಾತಿ ಹೇಳುತ್ತದೆ, ಅದರಲ್ಲಿ ಶೇ 1 ಚಲನಾ ವೈಕಲ್ಯದವರ ಗುಂಪಿಗೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5. ಯಾವ ಹುದ್ದೆಗೆ ‘ಒಂದು ತೋಳು’ ವರ್ಗದವರು ಅರ್ಹರು ಎಂದು ಹುದ್ದೆಗಳ ಪಟ್ಟಿಯಲ್ಲೇ ನಮೂದಿಸಿರುತ್ತಾರೆ, ಅರ್ಜಿ ಹಾಕುವ ಮೊದಲು ಅದನ್ನು ನೋಡಿ. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಆದಾಯ ತೆರಿಗೆಯಲ್ಲಿ 75,000 ರೂಪಾಯಿ ಕಡಿತವಿದೆ, ವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000.

ಶೇಕಡಾವಾರು ಲೆಕ್ಕ ಹಾಕುವಾಗ ವೈದ್ಯಕೀಯ ಮಂಡಳಿ ಸಂಧಿಗಳ ಚಲನೆ, ಸ್ನಾಯುಬಲ ಮತ್ತು ಕೂಡಿ ಮಾಡುವ ಕೆಲಸಗಳನ್ನು ನೋಡುತ್ತದೆ. ಕೊನೆಯದರಲ್ಲಿ ತಲೆಯ ಮೇಲಿನ ವಸ್ತು ಇಳಿಸುವುದು, ಕೈಯಲ್ಲಿ ಉಣ್ಣುವುದು, ತಲೆ ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಬರೆಯುವುದು ಸೇರಿವೆ. ಇಲ್ಲೇ ಹಲವರು ನಷ್ಟ ಮಾಡಿಕೊಳ್ಳುತ್ತಾರೆ. ಬದುಕಿಡೀ ಕೈಯನ್ನು ಸರಿಯಿರುವಂತೆ ತೋರಿಸಿ ಅಭ್ಯಾಸವಾದವರು ಮಂಡಳಿಯ ಮುಂದೆಯೂ ಹಾಗೇ ಮಾಡುತ್ತಾರೆ, ದೇಹ ಬಾಗಿಸಿ, ಒಳ್ಳೆಯ ಕೈಯ ಸಹಾಯ ತಂದು ಕೆಲಸ ಮುಗಿಸಿ ‘ಆಗುತ್ತೆ ಸಾರ್’ ಎನ್ನುತ್ತಾರೆ. ಕೇಳಿದ್ದು ಆ ಕೈ ತಾನೇ ಏನು ಮಾಡಬಲ್ಲದು ಎಂದು. ಇದ್ದದ್ದನ್ನು ಇದ್ದ ಹಾಗೆ ತೋರಿಸಿ.

ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಆಸ್ಪತ್ರೆಯಲ್ಲಿ ಮಂಡಳಿಯ ತಪಾಸಣೆ ನಡೆಯುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಇರುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯೂ ಎನ್ನುವವರನ್ನು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯೂ ಅವರನ್ನು ಕಾಣಬಹುದು. ಅರ್ಜಿ ತುಂಬಲು ಅವರು ನೆರವಾಗುತ್ತಾರೆ.

ಶೇ 40 ಮುಟ್ಟದವರಿಗೆ ಏನೂ ಇಲ್ಲವೆ? ಇದೆ, ಮತ್ತು ಇದು ಬಹಳ ಜನರಿಗೆ ತಿಳಿಯದ ಸಂಗತಿ. 2021ರ ಫೆಬ್ರುವರಿಯಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆಯಲ್ಲಿ ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ಸೌಲಭ್ಯ ಶೇ 40 ಮುಟ್ಟಿದವರಿಗಷ್ಟೇ ಮೀಸಲಲ್ಲ ಎಂದಿತು. ಅದರ ಫಲವಾಗಿ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಬರೆಯಲು ಕಷ್ಟವೆಂದು ನಿಗದಿತ ನಮೂನೆಯಲ್ಲಿ ವೈದ್ಯಕೀಯ ಪ್ರಮಾಣಪತ್ರ ತಂದವರಿಗೆ ಲಿಪಿಕಾರರು ಅಥವಾ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಸಿಗಬೇಕು ಎಂದು ಅದು ಹೇಳಿತು. ಕೆಲಸದ ಜಾಗದಲ್ಲಿ ಸಣ್ಣಪುಟ್ಟ ಹೊಂದಾಣಿಕೆ ಕೇಳುವ ಹಕ್ಕನ್ನೂ ಕಾಯ್ದೆ ಶೇಕಡಾವಾರಿಗೆ ಕಟ್ಟಿಹಾಕಿಲ್ಲ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕು. ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಅದನ್ನು ಕೇಳಿ ಪಡೆಯಿರಿ. ತಾರತಮ್ಯವಾದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ಗಾಡಿ ಓಡಿಸುವುದು

ಕಾರಿನಲ್ಲಿ ಆಟೊಮ್ಯಾಟಿಕ್ ಗೇರ್ ಬಂದ ಮೇಲೆ ಅರ್ಧ ಕಷ್ಟ ಕಳೆದಿದೆ. ಸ್ಟೀರಿಂಗ್ ಒಂದೇ ಕೈಯಲ್ಲಿ ತಿರುಗಿಸಲು ಅದಕ್ಕೆ ಗುಬುಟು ಜೋಡಿಸುವುದುಂಟು, ಅಂಥ ಬದಲಾವಣೆಯನ್ನು ಆರ್‌ಟಿಒದಲ್ಲಿ ನೋಂದಾಯಿಸಿ, ಲೈಸೆನ್ಸ್‌ನಲ್ಲೂ ಬರೆಸಿಕೊಳ್ಳಬೇಕು. ಸ್ಕೂಟರ್ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಎರಡೂ ಬ್ರೇಕ್ ಕೈಯಲ್ಲೇ ಇರುತ್ತವೆ, ಹಿಡಿ ತಿರುಗಿಸುವುದು ಬಲಗೈಯ ಕೆಲಸ. ಬೆರಳ ಹಿಡಿತ ಚೆನ್ನಾಗಿದ್ದರೂ ಗುಂಡಿ ತಪ್ಪಿಸುವಾಗ ಭುಜ ತಕ್ಷಣ ಸ್ಪಂದಿಸುತ್ತದೆಯೇ ಎಂಬುದನ್ನು ಖಾಲಿ ಮೈದಾನದಲ್ಲಿ ಪರೀಕ್ಷಿಸಿ ನೋಡದೆ ರಸ್ತೆಗೆ ಇಳಿಯಬಾರದು.

ಮದುವೆ, ಬಸಿರು, ಮಗು

ಹೆಣ್ಣು ನೋಡಲು ಬಂದವರು, ಗಂಡು ನೋಡಲು ಹೋದವರು ತಪ್ಪದೆ ಕೇಳುವ ಪ್ರಶ್ನೆ ‘ಮಕ್ಕಳಿಗೂ ಬರುತ್ತದಾ?’ ಎಂಬುದು. ಬರುವುದಿಲ್ಲ. ಇದು ಹೆರಿಗೆಯ ಹೊತ್ತಿನಲ್ಲಿ ಆದ ಗಾಯ, ರಕ್ತದಲ್ಲಿ ಹರಿಯುವಂಥದ್ದಲ್ಲ.

ಈ ಕೈಯಿರುವ ಹೆಣ್ಣುಮಗಳು ಬಸುರಿಯಾದರೆ ಪ್ರಸೂತಿ ತಜ್ಞರಿಗೆ ತನ್ನ ಗಾಯದ ವಿಷಯ ಮೊದಲೇ ತಿಳಿಸಬೇಕು. ಹೆರಿಗೆಯ ಹೊತ್ತಿನಲ್ಲಿ ಕೈಯೂರಿ ಭಾರ ಹಾಕುವ ಭಂಗಿಗಳಲ್ಲಿ ಯಾವುದು ತನಗೆ ಆಗದು ಎಂದು ಮುಂಚೆಯೇ ತೋರಿಸಿಕೊಡಬೇಕು. ಅದಕ್ಕಿಂತ ಹೆಚ್ಚು ತಯಾರಿ ಬೇಕಾಗುವುದು ಮಗು ಹುಟ್ಟಿದ ಮೇಲೆ. ಹಾಲೂಡಿಸುವಾಗ ಮಗುವಿನ ತಲೆ ಒಳ್ಳೆಯ ಕೈಯ ಮೇಲಿದ್ದರೆ ಒಂದು ಬದಿ ಸುಲಭ. ಇನ್ನೊಂದು ಬದಿಗೆ ತೊಡೆಯ ಮೇಲೆ ಎತ್ತರದ ದಿಂಬು ಇಟ್ಟು, ಮಗುವಿನ ಭಾರವನ್ನು ದಿಂಬಿಗೆ ಬಿಟ್ಟು, ಕೈಯನ್ನು ಆಸರೆಗಷ್ಟೇ ಬಳಸಬಹುದು. ಒಂದು ಬದಿಗೆ ಒರಗಿ ಮಲಗಿ ಹಾಲೂಡಿಸುವುದೂ ಆಗುತ್ತದೆ, ಆದರೆ ನಿದ್ದೆ ಹತ್ತದಂತೆ ಜೊತೆಗೊಬ್ಬರು ಇರಬೇಕು. ಸ್ನಾನ ಮಾಡಿಸುವಾಗ ಜಾರುವ ಮಗುವನ್ನು ಒಂದೇ ಕೈಯಲ್ಲಿ ಹಿಡಿಯುವ ಸಾಹಸ ಬೇಡ, ಆ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಒಪ್ಪಿಸಿ. ತೊಟ್ಟಿಲು ಸೊಂಟದೆತ್ತರಕ್ಕೆ ಇರಲಿ. ಎತ್ತಿಕೊಂಡು ಓಡಾಡಲು ಮಗುವನ್ನು ಎದೆಗೆ ಕಟ್ಟಿಕೊಳ್ಳುವ, ಎರಡೂ ಹೆಗಲಿಗೆ ಪಟ್ಟಿ ಬರುವ ಚೀಲಗಳು ಒಂದೇ ಹೆಗಲಿನ ಜೋಳಿಗೆಗಿಂತ ವಾಸಿ, ಭಾರ ಎರಡು ಕಡೆಗೂ ಹಂಚಿಹೋಗುತ್ತದೆ. ಕೊಳ್ಳುವ ಮೊದಲು ಅದರ ಬಕಲ್ ಎಲ್ಲಿದೆ ನೋಡಿ. ಬೆನ್ನ ಹಿಂದೆ ಹಾಕುವ ಬಕಲ್ ಈ ಕೈಗೆ ಎಟುಕುವುದಿಲ್ಲ, ಸೊಂಟದ ಮುಂದೆ ಹಾಕುವಂಥದ್ದು ಬೇಕು.